ಸಂಪಾದಕರ ಉತ್ತರ: ಮಗಳು ಸೊರಾರಿಟಿ ಸೇರಲಿ, ಗುಟ್ಟು ಮಾತ್ರ ಬೇಡ

ತಿಪಟೂರು ಕಡೆಯವರು, ಈಗ ಡಲ್ಲಾಸ್ ಹತ್ತಿರ ನೆಲೆಸಿರುವ ತಾಯಿಯೊಬ್ಬರು ಬರೆದಿದ್ದಾರೆ. ಅವರ ಮಗಳು ಟೆಕ್ಸಾಸ್‌ನ ಒಂದು ದೊಡ್ಡ ಯೂನಿವರ್ಸಿಟಿಯಲ್ಲಿ ಈ ವರ್ಷ ಡಿಗ್ರಿಗೆ ಸೇರಿದ್ದಾಳೆ. ದಕ್ಷಿಣ ಏಷ್ಯಾ ಮೂಲದ ಹುಡುಗಿಯರು ಕಟ್ಟಿಕೊಂಡಿರುವ ಸೊರಾರಿಟಿಯೊಂದನ್ನು, ಅಂದರೆ ಕಾಲೇಜು ಹುಡುಗಿಯರ ಸಂಘವೊಂದನ್ನು, ಸೇರುತ್ತೇನೆ, ಫೀಸಿಗೆ ದುಡ್ಡು ಕೊಡಿ ಅಂತ ಕೇಳುತ್ತಿದ್ದಾಳೆ. ಅಪ್ಪ "ಅದೆಲ್ಲ ಕುಡುಕರ ಗುಂಪು" ಅಂತ ಒಂದೇ ಮಾತಲ್ಲಿ ಮುಗಿಸಿದ್ದಾರೆ. ಮಗಳು ಮುನಿಸಿಕೊಂಡು ಫೋನ್ ಮಾಡೋದನ್ನೇ ಕಮ್ಮಿ ಮಾಡಿದ್ದಾಳೆ. "ನಾವು ನಮ್ಮ ಕಾಲದಲ್ಲಿ ರ‍್ಯಾಗಿಂಗ್ ಕಂಡವರು. ದುಡ್ಡು ಕೊಟ್ಟು ಯಾರಾದರೂ ರ‍್ಯಾಗಿಂಗ್ ಮಾಡಿಸಿಕೊಳ್ಳುತ್ತಾರಾ? ನಾನೇನು ಮಾಡಲಿ?" ಅಂತ ಅವರ ಪ್ರಶ್ನೆ.

ನಮಸ್ಕಾರ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಗಳನ್ನು ತಡೆಯಬೇಡಿ. ಆದರೆ ದುಡ್ಡು ಕಳಿಸುವ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ.

ಅವಳಿಗೆ ಇದು ಯಾಕೆ ಬೇಕು ಅನ್ನೋದನ್ನು ಮೊದಲು ನೋಡೋಣ. 50 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಕ್ಯಾಂಪಸ್‌ಗಳು ಟೆಕ್ಸಾಸ್‌ನಲ್ಲಿವೆ. ನೂರಾರು ಜನ ಕೂರುವ ಕ್ಲಾಸಿನಲ್ಲಿ ಪಕ್ಕದವಳ ಹೆಸರೂ ಗೊತ್ತಾಗೋದಿಲ್ಲ. ಅಂಥ ಕಡೆ ಸೊರಾರಿಟಿ ಸೇರಿದ ಹುಡುಗಿಗೆ ಒಬ್ಬಳು "ಬಿಗ್" ಸಿಗುತ್ತಾಳೆ, ಅಂದರೆ ಸೀನಿಯರ್ ಅಕ್ಕ. ಯಾವ ಮೇಷ್ಟ್ರ ಕ್ಲಾಸು ತಗೋಬೇಕು ಅನ್ನೋದರಿಂದ ಹಿಡಿದು ಜ್ವರ ಬಂದರೆ ಗಂಜಿ ಕಾಯಿಸಿಕೊಡೋದರವರೆಗೆ ಅವಳೇ ಆಸರೆ. ಮನೆಯಿಂದ ದೂರ ಇರುವ ಹದಿನೆಂಟರ ಹುಡುಗಿಗೆ ಇದು ಸಣ್ಣ ಆಕರ್ಷಣೆ ಅಲ್ಲ.

ಈ ಸಂಘಗಳ ಕಥೆ ಹಳೆಯದು. 1776ರಲ್ಲಿ ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಹುಟ್ಟಿತು. ಗ್ರೀಕ್ ಅಕ್ಷರದ ಹೆಸರು, ಗುಟ್ಟಿನ ಪ್ರಮಾಣ ಎಲ್ಲ ಶುರುವಾಗಿದ್ದು ಅಲ್ಲಿಂದಲೇ. ಮುಂದೆ ಅದು ಪ್ರತಿಭಾವಂತರನ್ನು ಗೌರವಿಸುವ ಸಂಸ್ಥೆಯಾಯಿತು. ಗಂಡುಹುಡುಗರ ಗುಂಪುಗಳಲ್ಲಿ ಜಾಗ ಸಿಗದ ಹುಡುಗಿಯರು 1870ರಲ್ಲಿ ಇಂಡಿಯಾನಾದಲ್ಲಿ ಕಪ್ಪಾ ಆಲ್ಫಾ ಥೀಟಾ ಕಟ್ಟಿದರು. ಬಿಳಿಯರ ಸಂಘಗಳು ಸೇರಿಸಿಕೊಳ್ಳದ ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಶುರುಮಾಡಿದರು. ಮಾರ್ಟಿನ್ ಲೂಥರ್ ಕಿಂಗ್ ಇದರ ಸದಸ್ಯರಾಗಿದ್ದರು. ಕಮಲಾ ಹ್ಯಾರಿಸ್ ಇರುವ, ಕಪ್ಪು ಹುಡುಗಿಯರ ಸೊರಾರಿಟಿ ಆಲ್ಫಾ ಕಪ್ಪಾ ಆಲ್ಫಾ 1908ರಲ್ಲಿ ಹೋವರ್ಡ್ ಯೂನಿವರ್ಸಿಟಿಯಲ್ಲಿ ಹುಟ್ಟಿದ್ದು. ಆಲ್ಫಾ ಫೈ ಆಲ್ಫಾ ಹುಟ್ಟಿದ 1906ರಲ್ಲೇ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘವೂ ಶುರುವಾಯಿತು. ಹಳ್ಳಿಯಿಂದ ಓದಲು ಬಂದ ನಮ್ಮ ಎಷ್ಟೋ ಹುಡುಗರು ತಮ್ಮ ತಮ್ಮ ಸಮುದಾಯದ ಹಾಸ್ಟೆಲ್ಲಿನಲ್ಲಿ ಉಂಡು ಓದಿ ಮೇಲೆ ಬಂದರಲ್ವಾ, ಅದನ್ನು ನೆನಪಿಸಿಕೊಂಡರೆ ಇವರ ಅಗತ್ಯವೂ ನಿಮಗೆ ತಿಳಿಯುತ್ತದೆ.

ನಮ್ಮ ಮಕ್ಕಳ ಸಂಘಗಳು ಬಂದಿದ್ದು ತೀರಾ ಈಚೆಗೆ. ಆಸ್ಟಿನ್‌ನಲ್ಲಿ ಕಪ್ಪಾ ಫೈ ಗ್ಯಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ಎರಡೂ ಹುಟ್ಟಿದ್ದು 1998ರಲ್ಲಿ, ಎರಡೂ ನಿಮ್ಮ ಟೆಕ್ಸಾಸ್‌ನವೇ. ಸಿನಿಮಾದಲ್ಲಿ ಕಾಣುವ ಕಂಬದ ಬಂಗಲೆಗಳಲ್ಲಿರುವ ದೊಡ್ಡ ಸೊರಾರಿಟಿಗಳಿಗೂ ಇಂಥ ಸಂಘಗಳಿಗೂ ತುಂಬ ವ್ಯತ್ಯಾಸ. ಬಂಗಲೆಯವರದ್ದು ಆಗಸ್ಟ್ ಬಿಸಿಲಿನಲ್ಲಿ ನಡೆಯುವ ದೊಡ್ಡ ಆಯ್ಕೆ. ಹುಡುಗಿಯರು ಒಂದೊಂದು ಮನೆ ಮುಂದೆ ಸಾಲು ನಿಲ್ಲುತ್ತಾರೆ. ಬಾಗಿಲು ತೆರೆದರೆ ಒಳಗಿನವರದ್ದು ಚಪ್ಪಾಳೆ, ಹಾಡು. ಯಾವೂರು, ಏನು ಓದುತ್ತೀಯ ಅಂತ ಸ್ವಲ್ಪ ಹೊತ್ತು ನಗುನಗುತ್ತ ಮಾತು. ಆಮೇಲೆ ಮುಂದಿನ ಮನೆ. ಕೊನೆಗೆ ಅವರೂ ಇವರೂ ಬರೆದುಕೊಟ್ಟ ಪಟ್ಟಿಗಳನ್ನು ತಾಳೆ ಹಾಕಿ "ಬಿಡ್", ಅಂದರೆ ಸಂಘ ಸೇರಲು ಕರೆ, ಕೊಡುತ್ತಾರೆ. ಯಾರೂ ಕರೆಯದ ಹುಡುಗಿ ರೂಮಿಗೆ ಹೋಗಿ ಅಳುತ್ತಾಳೆ. ಮಾತು, ಬಟ್ಟೆ, ಬಣ್ಣ ನೋಡಿ ಮನುಷ್ಯರನ್ನು ಆರಿಸುವ ಈ ಪದ್ಧತಿ ನನಗೆ ಹಿಡಿಸಿಲ್ಲ. ಅಲಬಾಮಾ ಯೂನಿವರ್ಸಿಟಿಯಲ್ಲಿ ಕಪ್ಪು ಹುಡುಗಿಯರನ್ನು ಬಣ್ಣದ ಕಾರಣಕ್ಕೇ ದೂರ ಇಟ್ಟಿದ್ದನ್ನು ವಿದ್ಯಾರ್ಥಿಗಳ ಪತ್ರಿಕೆಯೇ 2013ರಲ್ಲಿ ಬಯಲು ಮಾಡಿತು. ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ ಬಾಗಿಲು ತೆರೆಯಿತು.

ಇನ್ನು ನಿಮ್ಮ ಯಜಮಾನರ ಭಯ. ಅದು ಸುಳ್ಳಲ್ಲ. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯ ಒಂದು ಫ್ರಟರ್ನಿಟಿ (ಹುಡುಗರ ಸಂಘ) ಮನೆಯಲ್ಲಿ ನಡೆದದ್ದನ್ನು ಅಲ್ಲಿನ ಕ್ಯಾಮೆರಾಗಳೇ ದಾಖಲಿಸಿವೆ. ಆ ಮನೆಯಲ್ಲಿ ಮದ್ಯ ತರುವಂತಿಲ್ಲ ಅಂತ ನಿಯಮ ಇತ್ತು. ಆದರೂ ಹೊಸಬರನ್ನು ಸಾಲಾಗಿ ನಡೆಸಿ ಒಂದೊಂದು ಕಡೆ ನಿಲ್ಲಿಸಿ ಕುಡಿಸಿದರು. 19ರ ಹುಡುಗ ಮೆಟ್ಟಿಲಿನಿಂದ ಉರುಳಿದ. ಎತ್ತಿ ತಂದು ಸೋಫಾ ಮೇಲೆ ಹಾಕಿದರು. ಅಂಗಾತ ಹೊರಳಿ ವಾಂತಿ ಉಸಿರಿಗೆ ಸಿಕ್ಕದಿರಲಿ ಅಂತ ಪುಸ್ತಕ ತುಂಬಿದ ಬ್ಯಾಗನ್ನು ಬೆನ್ನಿಗೆ ಕಟ್ಟಿದರು. ಅಂದರೆ ಜೀವಕ್ಕೆ ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತು. ಆದರೂ ಆಂಬುಲೆನ್ಸ್ ಕರೆಯಲು ಸುಮಾರು 12 ಗಂಟೆ ಬೇಕಾಯಿತು. ಹುಡುಗ ಉಳಿಯಲಿಲ್ಲ. ಅವನ ಹೆಸರಿನಲ್ಲೇ ಮಾರನೇ ವರ್ಷ ಪೆನ್ಸಿಲ್ವೇನಿಯಾದಲ್ಲಿ ಕಾನೂನು ಬಂತು.

ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಕುಡಿತಕ್ಕಿಂತ ನನ್ನನ್ನು ಕಾಡೋದು ಆ ಹನ್ನೆರಡು ಗಂಟೆ. ಹೊರಗಿನವರಿಗೆ ತಿಳಿದರೆ ಸಂಘಕ್ಕೆ ಕುತ್ತು ಅನ್ನುವ ಭಯ ಇಷ್ಟು ಜನರ ಬಾಯಿ ಕಟ್ಟಿಹಾಕಿತು. ನೀವು ಕಂಡ ರ‍್ಯಾಗಿಂಗ್‌ನಲ್ಲಿ ಕಾಲೇಜಿಗೆ ಕಾಲಿಟ್ಟ ಎಲ್ಲರೂ ಸಿಕ್ಕಿಬೀಳುತ್ತಿದ್ದರು. ತಪ್ಪಿಸಿಕೊಂಡು ಓಡಿದರೆ ಯಾರೂ ಬೈಯುತ್ತಿರಲಿಲ್ಲ. ಹೇಜಿಂಗ್, ಅಂದರೆ ಅಮೆರಿಕದ ಸಂಘಗಳು ಹೊಸಬರಿಗೆ ಕೊಡುವ ಇಂಥ ಕಾಟ, ಹಾಗಲ್ಲ. ಹುಡುಗ ಅಥವಾ ಹುಡುಗಿ ತಾವಾಗಿಯೇ ಸೇರಲು ಹೋಗಿರುತ್ತಾರೆ. ಅರ್ಧಕ್ಕೆ ಎದ್ದು ಬಂದರೆ ಅವಮಾನ, ಇಷ್ಟು ವಾರ ಪಟ್ಟಿದ್ದೆಲ್ಲ ದಂಡ. ಅದಕ್ಕೇ ಸಹಿಸುತ್ತಾರೆ. "ಅವಳೇ ಒಪ್ಪಿದ್ದಳು" ಅನ್ನುವ ನೆಪ ಟೆಕ್ಸಾಸ್ ಕಾನೂನಿನಲ್ಲಿ ನಡೆಯೋದಿಲ್ಲ. ಇದನ್ನು ಮಗಳಿಗೆ ಖಂಡಿತ ಹೇಳಿ.

ಹಾಗಾಗಿ ನೀವು ಖಾತ್ರಿ ಮಾಡಿಕೊಳ್ಳಬೇಕಾದ ವಿಷಯ ಇದು: ಹೊಸಬರನ್ನು ಸೇರಿಸಿಕೊಳ್ಳುವ ಆ ಕೆಲವು ವಾರಗಳಲ್ಲಿ ಏನು ನಡೆಯುತ್ತದೆ? ಗುಟ್ಟಿನಲ್ಲೂ ಎರಡು ಬಗೆ. ಹೊಸಬರು ಯಾರು ಅಂತ ಕೊನೇ ದಿನದ ಕಾರ್ಯಕ್ರಮದವರೆಗೆ ಹೇಳದೆ ಇರೋದು, ಸಂಘದ ಮಂತ್ರ ಹೊರಗೆ ಹೇಳದೆ ಇರೋದು, ಇದರಿಂದ ಯಾರಿಗೂ ನಷ್ಟ ಇಲ್ಲ. ಆದರೆ ರಾತ್ರಿಯಿಡೀ ನಿದ್ದೆಗೆಡಿಸೋದು, ಫೋನ್ ಕಿತ್ತಿಟ್ಟುಕೊಳ್ಳೋದು, ಬಸ್ಕಿ ಹೊಡೆಸೋದು, ಕುಡಿಸೋದು, "ಮನೆಯಲ್ಲಿ ಹೇಳಬೇಡ" ಅನ್ನೋದು, ಇವುಗಳಲ್ಲಿ ಒಂದು ಕಂಡರೂ ಅವಳು ಅವತ್ತೇ ಎದ್ದು ಬರಲಿ. ಕಟ್ಟಿದ ದುಡ್ಡು ಹೋದರೆ ಹೋಗಲಿ ಅಂತ ನೀವು ಮೊದಲೇ ಹೇಳಿಟ್ಟಿರಿ. ದುಡ್ಡು ಹಾಳಾಯಿತು ಅಂತ ಅಪ್ಪ ಬೈದಾರು ಅನ್ನುವ ಹೆದರಿಕೆಗೇ ಮಕ್ಕಳು ಕಚ್ಚಿಕೊಂಡು ಕೂರುತ್ತಾರೆ.

ಆ ಸಂಘದ ಹೆಸರನ್ನು ಯೂನಿವರ್ಸಿಟಿ ವೆಬ್‌ಸೈಟಿನಲ್ಲೂ ಹುಡುಕಿ. ಹೇಜಿಂಗ್ ಮಾಡಿ ಸಿಕ್ಕಿಬಿದ್ದ ಸಂಘಗಳ ಪಟ್ಟಿಯನ್ನು ಟೆಕ್ಸಾಸ್‌ನ ಕಾಲೇಜುಗಳು ಪ್ರಕಟಿಸಲೇಬೇಕು. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೂ ಅಂಥ ಕಾನೂನು ಬಂದಿದೆ. ಪಟ್ಟಿಯಲ್ಲಿ ಹೆಸರು ಇಲ್ಲ ಅಂದಮಾತ್ರಕ್ಕೆ ಎಲ್ಲ ಸರಿ ಅಂತಲ್ಲ, ಹೆಸರು ಇದ್ದರೆ ಮಾತ್ರ ಮುಂದೆ ಯೋಚಿಸುವ ಅಗತ್ಯವೇ ಇಲ್ಲ.

ಪಾರ್ಟಿಗಳ ಬಗ್ಗೆಯೂ ಒಂದು ಮಾತು. ಬಂಗಲೆ ಇರುವ ದೊಡ್ಡ ಸೊರಾರಿಟಿಗಳ ಮನೆಗೆ ಮದ್ಯ ತರುವಂತಿಲ್ಲ. ಹಾಗಾಗಿ ಪಾರ್ಟಿ ನಡೆಯೋದು ಜಾಸ್ತಿ ಹುಡುಗರ ಮನೆಯಲ್ಲಿ. ಬಾಗಿಲು ಕಾಯುವವರೂ ಅವರೇ, ಲೋಟ ತುಂಬುವವರೂ ಅವರೇ. ಗೆಳತಿಯರ ಜೊತೆ ಹೋಗಿ ಅವರ ಜೊತೆಗೇ ವಾಪಸ್ ಬರಲಿ. ಯಾರಾದರೂ ಕುಡಿದು ಎಚ್ಚರ ತಪ್ಪಿದರೆ ತುರ್ತು ನಂಬರ್ 911ಗೆ ಫೋನ್ ಮಾಡಲು ಒಂದು ಕ್ಷಣವೂ ಹಿಂದೆ ಮುಂದೆ ನೋಡಬಾರದು. ಮೊದಲು ಫೋನ್ ಮಾಡಿ, ಜೊತೆಗೇ ನಿಂತು ಸಹಕರಿಸಿದ 21ರ ಒಳಗಿನವರಿಗೆ ಕುಡಿದ ಕೇಸಿನಿಂದ ರಕ್ಷಣೆ ಕೊಡುವ ಕಾನೂನು ಟೆಕ್ಸಾಸ್‌ನಲ್ಲಿ 2011ರಿಂದಲೇ ಇದೆ.

ಈ ಭಾನುವಾರ ನೀವೇ ಫೋನ್ ಮಾಡಿ. ಫೀಸಿನ ಮಾತು ಆಮೇಲೆ ಆಡಿ. ಆ ಸಂಘದಲ್ಲಿ ಅವಳಿಗೆ ಇಷ್ಟವಾದ ಹುಡುಗಿಯರು ಯಾರು, ಅವರು ಯಾವ ಊರಿನವರು, ಏನು ಓದುತ್ತಿದ್ದಾರೆ ಅಂತ ವಿಚಾರಿಸಿ. ಮುಂದಿನ ರಜೆಗೆ ಅವರಲ್ಲಿ ಇಬ್ಬರನ್ನು ಮನೆಗೆ ಊಟಕ್ಕೆ ಕರೆದುಕೊಂಡು ಬರಲು ಹೇಳಿ. ಯಜಮಾನರನ್ನೂ ಅವತ್ತು ಪಂಕ್ತಿಯಲ್ಲಿ ಕೂರಿಸಿ.