ಬಿದ್ದುಹೋದ ‘ಅಂತೆ’

ಓದುಗರ ಪತ್ರ: 2003ರ ಇರಾಕ್ ಯುದ್ಧಕ್ಕೆ ಕಾರಣವೆಂದ ವಿನಾಶಕ ಅಸ್ತ್ರಗಳು ಸಿಗಲೇ ಇಲ್ಲ, ಆ ಕಾರಣವೇ ಸುಳ್ಳು ಎಂದು ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದು ಏಕಪಕ್ಷೀಯ. ಸದ್ದಾಂ ಏನು ಸಾಧುವೇ? ಅವನು ಅಸ್ತ್ರಗಳನ್ನು ಮೊದಲೇ ಸಿರಿಯಾಕ್ಕೆ ಸಾಗಿಸಿಬಿಟ್ಟಿದ್ದನಂತೆ. ಗುಪ್ತಚರರ ಲೆಕ್ಕ ತಪ್ಪಿರಬಹುದು. ತಪ್ಪು ಬೇರೆ, ಸುಳ್ಳು ಬೇರೆ. ಸರ್ಕಾರಕ್ಕೆ ಗೊತ್ತಿರುವುದೆಲ್ಲ ಪತ್ರಿಕೆಯವರಿಗೆ ಗೊತ್ತಿರುತ್ತದೆಯೇ? ಆಗ ಸೇವೆಯಲ್ಲಿದ್ದವನು ನಾನು. ಯುದ್ಧದ ಹೊತ್ತಿನಲ್ಲಿ ವಾದ ಸಲ್ಲದು.
– ನಿವೃತ್ತ ಸುಬೇದಾರರು, ಗದಗ

ಸಂಪಾದಕರ ಉತ್ತರ: ಸುಬೇದಾರರೇ, ಬೈಗುಳವನ್ನೂ ಇಷ್ಟು ದುಂಡಾದ ಅಕ್ಷರದಲ್ಲಿ ಬರೆಯುವವರು ಈಗ ಕಡಿಮೆ. ಸದ್ದಾಂ ಸಾಧುವಲ್ಲ, ಒಪ್ಪಿದೆ. 1988ರಲ್ಲಿ ಹಲಬ್ಜಾದ ಕುರ್ದರ ಮೇಲೆ ವಿಷಾನಿಲ ಸುರಿಸಿದವನ ವಕಾಲತ್ತು ನನಗೆ ಬೇಡ. ಆದರೆ 2003ರಲ್ಲಿ ಲೋಕದ ಮುಂದಿಟ್ಟ ಮುಖ್ಯ ಕಾರಣ ಹಲಬ್ಜಾ ಅಲ್ಲವಲ್ಲ. ‘ಅಸ್ತ್ರಗಳಿವೆ, ಈಗಲೂ ಇವೆ’ ಎಂಬುದು.

ಆ ಫೆಬ್ರವರಿ 5ರ ರಾತ್ರಿ ನಾನೊಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಆಂಥ್ರಾಕ್ಸ್ ರೋಗಾಣು ಇಷ್ಟಿದ್ದರೂ ಸಾಕೆಂದು ತೋರಿಸಲು, ಬೆರಳುದ್ದದ ಸೀಸೆ ಎತ್ತಿ ಹಿಡಿದ ಸುದ್ದಿ ಬಂತು. ‘ಇರಾಕ್ ಬಳಿ ಜೈವಿಕ ಅಸ್ತ್ರಗಳಿವೆಯಂತೆ’ ಎಂದು ತಲೆಬರಹ ಬರೆದೆ. ಮುಖ್ಯ ಉಪಸಂಪಾದಕರು ಕನ್ನಡಕ ಹಣೆಗೇರಿಸಿ, “ಅಂತೆ ಏನ್ರೀ ಅಂತೆ? ಇದೇನು ಕಟ್ಟೆ ಪುರಾಣವೇ?” ಎಂದು ಅದನ್ನು ಹೊಡೆದುಹಾಕಿದರು. ಕಾಲಂ ಅಗಲಕ್ಕೂ ಸರಿಹೋಯಿತು. ನಾನೂ ತೆಪ್ಪಗಿದ್ದೆ.

ಲಂಡನ್ನಿನಲ್ಲಿ ಅಷ್ಟರಲ್ಲಾಗಲೇ ಇದೇ ಕೆಲಸ ದೊಡ್ಡ ಮಟ್ಟದಲ್ಲಿ ನಡೆದಿತ್ತು. ಬ್ರಿಟನ್ನಿನ ಪ್ರಧಾನಿ ಬ್ಲೇರ್ ಅವರ ಸರ್ಕಾರ 2002ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ದಾಖಲೆ, ಅಪ್ಪಣೆಯಾದ 45 ನಿಮಿಷದೊಳಗೆ ಇರಾಕ್ ರಾಸಾಯನಿಕ ಅಸ್ತ್ರ ಸಜ್ಜು ಮಾಡಬಲ್ಲದು ಎಂದಿತು. 2004ರಲ್ಲಿ ಲಾರ್ಡ್ ಬಟ್ಲರ್ ಸಮಿತಿ ತಾಳೆ ನೋಡಿತು. ಮೂಲ ಟಿಪ್ಪಣಿಗಳಲ್ಲಿ ಗುಪ್ತಚರರು ಇಟ್ಟಿದ್ದ ಅಳುಕು, ಅನುಮಾನದ ಮಾತುಗಳು ಅಚ್ಚಾಗುವ ಹೊತ್ತಿಗೆ ತೆಳುವಾಗಿದ್ದವು, ಕೆಲವು ಮಾಯವೇ ಆಗಿದ್ದವು. ತಪ್ಪಿಗೂ ಸುಳ್ಳಿಗೂ ನಡುವೆ ಹೀಗೊಂದು ಓಣಿ ಇದೆ, ಸುಬೇದಾರರೇ. ಅದರಲ್ಲಿ ನಡೆದವರ ಕಾಲಿಗೆ ಕೆಸರೂ ಹತ್ತುವುದಿಲ್ಲ.

ಇನ್ನು ‘ಸರ್ಕಾರಕ್ಕೆ ಗೊತ್ತಿರುತ್ತದೆ’ ಎಂಬ ಮಾತು. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ, ಮುಚ್ಚಿಡುವುದೇಕೆ? ಗೊತ್ತಿದ್ದವರು ಆಗಲೇ ಬಾಯಿಬಿಟ್ಟಿದ್ದರು. ವಿಶ್ವಸಂಸ್ಥೆಯ ಅಸ್ತ್ರ ತಪಾಸಣೆಯ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ಅವರ ತಪಾಸಕರು ಇರಾಕಿನ ನೆಲದಲ್ಲೇ ಓಡಾಡುತ್ತಿದ್ದರು. ಇನ್ನು ಕೆಲವು ತಿಂಗಳು ಕೊಡಿ ಎಂದರು. ಇರಾಕ್ ನೈಜರ್‌ನಿಂದ ಯುರೇನಿಯಂ ಕೊಳ್ಳಹೊರಟಿತ್ತು ಎಂಬ ಕಾಗದಗಳು ಅಸಲಿಯಲ್ಲ ಎಂದು ಮಾರ್ಚ್ 7ರಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಎಲ್‌ಬರದೇಯಿ ಭದ್ರತಾ ಮಂಡಳಿಯಲ್ಲೇ ಹೇಳಿದರು. ಮಾರ್ಚ್ 17ರಂದು ಸಂಪುಟ ಬಿಟ್ಟು ಎದ್ದ ರಾಬಿನ್ ಕುಕ್ ಚಹಾದಂಗಡಿಯಲ್ಲಿ ಪೇಪರ್ ಓದಿದವರಲ್ಲ, ನಾಲ್ಕು ವರ್ಷ ಬ್ರಿಟನ್ನಿನ ವಿದೇಶಾಂಗ ಸಚಿವರಾಗಿದ್ದವರು. ಸಾಮಾನ್ಯ ಅರ್ಥದ ವಿನಾಶಕ ಅಸ್ತ್ರಗಳು ಇರಾಕ್ ಬಳಿ ಬಹುಶಃ ಇಲ್ಲ ಎಂದರು. ಗಮನಿಸಿ: ‘ಬಹುಶಃ’. ಯುದ್ಧ ಬೇಡವೆಂದವರು ತಮ್ಮ ‘ಬಹುಶಃ’ವನ್ನು ಬಿಟ್ಟುಕೊಡಲಿಲ್ಲ. ಚಪ್ಪಾಳೆ ನಿಷಿದ್ಧವಾದ ಬ್ರಿಟನ್ ಸಂಸತ್ತಿನ ಕೆಳಮನೆಯಲ್ಲಿ ಕುಕ್ ಅವರಿಗೆ ಚಪ್ಪಾಳೆ ಬಿತ್ತು. ಮರುದಿನ ಅದೇ ಸದನದಲ್ಲಿ 412ಕ್ಕೆ 149 ಮತಗಳಿಂದ ಯುದ್ಧ ಗೆದ್ದಿತು.

ಸತ್ತ ಬ್ರಿಟಿಷ್ ಸೈನಿಕರು 179. ಇರಾಕಿಗಳ ಎಣಿಕೆಗೆ ಒಮ್ಮತವೇ ಇಲ್ಲ. ಈ ಯುದ್ಧದ ಬಗ್ಗೆ ಬ್ರಿಟನ್ನಿನ ಅಧಿಕೃತ ತನಿಖೆಯಾದ ಚಿಲ್ಕಾಟ್ ವರದಿ ಬಂದದ್ದು 2016ರಲ್ಲಿ, 26 ಲಕ್ಷ ಪದಗಳಲ್ಲಿ, ಯಾರು ಓದುತ್ತಾರೆ? ನ್ಯೂಯಾರ್ಕ್ ಟೈಮ್ಸ್ ತನ್ನ ಇರಾಕ್ ವರದಿಗಳ ಲೋಪ ಒಪ್ಪಿಕೊಂಡದ್ದು 2004ರ ಮೇ ತಿಂಗಳಲ್ಲಿ, ಹತ್ತನೇ ಪುಟದಲ್ಲಿ. ನಮ್ಮಲ್ಲಿ ಅಷ್ಟೂ ಇಲ್ಲ. ಸ್ಟುಡಿಯೋದಲ್ಲಿ ಸೈರನ್ ಹಾಕಿಕೊಂಡು ಕೂಗಿದವರು ಮಾರನೆಯ ದಿನ ಬೇರೆ ಟೈ ಕಟ್ಟಿಕೊಂಡು ಬರುತ್ತಾರೆ.

ಆದರೆ ಪದಕ್ಕಾಗಿ ಹಟ ಹಿಡಿದದ್ದೂ ಉಂಟು. 2003ರ ಏಪ್ರಿಲ್‌ನಲ್ಲಿ ನಮ್ಮ ಸಂಸತ್ತು ಈ ಯುದ್ಧದ ವಿರುದ್ಧ ನಿರ್ಣಯ ಮಾಡುವಾಗ ಇಂಗ್ಲಿಷ್ ಪದ ಎಷ್ಟು ಖಾರವಾಗಿರಬೇಕೆಂಬ ಜಗ್ಗಾಟ ನಡೆಯಿತು. ಕೊನೆಗೆ ಹಿಂದಿಯ ‘ನಿಂದಾ’ ಎಲ್ಲರನ್ನೂ ಒಪ್ಪಿಸಿತು. ಜುಲೈನಲ್ಲಿ, ಇರಾಕಿಗೆ ಸೈನ್ಯ ಕಳಿಸಿ ಎಂಬ ಅಮೆರಿಕದ ಕೋರಿಕೆಯನ್ನು ವಾಜಪೇಯಿ ಸರ್ಕಾರ ಒಲ್ಲೆ ಎಂದಿತು. ನೀವು ಆಗ ಸೇವೆಯಲ್ಲಿದ್ದಿರೆಂದು ಬರೆದಿದ್ದೀರಿ. ದೆಹಲಿಯಲ್ಲಿ ಯಾರೂ ವಾದ ಮಾಡದೇ ಇದ್ದಿದ್ದರೆ ನಿಮ್ಮ ಪಲ್ಟಣವೇ ಹೊರಡಬೇಕಾಗಿತ್ತೋ ಏನೋ.

ಅಂದಹಾಗೆ, ನಿಮ್ಮ ಪತ್ರದಲ್ಲಿ ‘ಸಿರಿಯಾಕ್ಕೆ ಸಾಗಿಸಿಬಿಟ್ಟಿದ್ದ’ ಎಂದಷ್ಟೇ ಇತ್ತು. ‘ಅಂತೆ’ ನಾನು ಸೇರಿಸಿದ್ದು. ಬೈಯುವುದಿದ್ದರೆ ಇನ್ನೊಂದು ಪತ್ರ ಬರಲಿ.
– ಸಂ.