ಖಿನ್ನತೆಗೆ ಮಾತ್ರೆ ತಗೊಳ್ಳುತ್ತಾ ಬುದ್ಧವಂದನೆ, ಪಠಣ ಮಾಡಬಹುದಾ?

ಧಾರಾಳವಾಗಿ ಮಾಡಿ. ಧ್ಯಾನಕ್ಕೆ ಕೂತರೆ ಸಂಕಟ ಜಾಸ್ತಿಯಾಗುತ್ತದೆ ಅಂತಲೂ ಬರೆದಿದ್ದೀರಿ. ನನಗೂ ಹಾಗೇ ಆಗಿತ್ತು.

ಕಣ್ಣು ಮುಚ್ಚಿ ಸುಮ್ನೆ ಕೂತರೆ ಹಳೆಯ ತಪ್ಪುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. "ಸದ್ಯಕ್ಕೆ ಧ್ಯಾನ ಬಿಡಿ" ಅಂದರು ನನ್ನ ಡಾಕ್ಟರು. ಬಿಟ್ಟೆ. ಬೆಳಿಗ್ಗೆ ದೀಪ ಹಚ್ಚಿ, ಮೂರು ಸಲ ಬಾಗಿ, 'ಬುದ್ಧಂ ಸರಣಂ ಗಚ್ಛಾಮಿ' ಅಂತ ಬುದ್ಧ, ಧಮ್ಮ, ಸಂಘಗಳಿಗೆ ಶರಣು ಹೋಗುವ ತ್ರಿಶರಣ ಹೇಳುವುದನ್ನು ಮಾತ್ರ ಬಿಡಲಿಲ್ಲ. ಕೈಗೊಂದು ಕೆಲಸ, ಬಾಯಿಗೊಂದು ಕೆಲಸ. ಮನಸ್ಸು ಮಾತು ಕೇಳದ ದಿನವೂ ಬೆನ್ನು ಬಾಗುತ್ತದೆ, ಅಲ್ವಾ?

ಆಮೇಲೆ ಮೆತ್ತ ಸುತ್ತ ಸೇರಿಸಿಕೊಂಡೆ, ಎಲ್ಲ ಜೀವಿಗಳೂ ಸುಖವಾಗಿರಲಿ ಅನ್ನುವ ಬುದ್ಧನ ಉಪದೇಶ ಅದು. ಪಾಲಿಯಲ್ಲಿ ಹತ್ತೇ ಪದ್ಯ. ಗಟ್ಟಿಯಾಗಿ, ನಿಧಾನವಾಗಿ ಹೇಳಿದರೆ ಉಸಿರು ತಾನಾಗಿಯೇ ಉದ್ದವಾಗುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಬಂದಿತ್ತು. 23 ಜನ ಆರೋಗ್ಯವಂತರು 'ಓಂ ಮಣಿ ಪದ್ಮೇ ಹೂಂ' ಜಪಿಸಿದಾಗ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಗೂ ಹಾಗೇ ಆಯಿತು. ಹಾಗಾಗಿ ಮಂತ್ರದಲ್ಲಿ ಪವಾಡವಿದೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಖಿನ್ನತೆ ವಾಸಿಯಾಯಿತು ಅಂತ ಆ ಅಧ್ಯಯನವೂ ಹೇಳಿಲ್ಲ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಹೂ ಇಡುವಾಗ ಹೇಳುವ ಗಾಥೆಯಲ್ಲಿ, ಈ ಹೂ ಬಾಡುವ ಹಾಗೇ ನನ್ನ ದೇಹವೂ ಅಳಿಯುತ್ತದೆ ಅನ್ನುವ ಮಾತಿದೆ. ಚೆನ್ನಾಗಿದ್ದಾಗ ಅದು ಮನಸ್ಸನ್ನು ಹಗುರ ಮಾಡುತ್ತದೆ. ಬದುಕೇ ಸಾಕು ಅನ್ನಿಸುತ್ತಿದ್ದ ದಿನಗಳಲ್ಲಿ ಆ ಸಾಲು ನನ್ನ ಕೈಲಿ ಆಗುತ್ತಿರಲಿಲ್ಲ. ಬಿಟ್ಟು ಮುಂದೆ ಹೋಗುತ್ತಿದ್ದೆ. ಯಾರೂ ಲೆಕ್ಕ ಕೇಳಲಿಲ್ಲ. ನಿಮಗೂ ಅಂಥ ಯೋಚನೆ ಬಂದರೆ ಪಠಣ ಆಮೇಲೆ, ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. "ಶ್ರದ್ಧೆ ಇದ್ದರೆ ಔಷಧಿ ಯಾಕೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಅವರ ಔಷಧಿಗೇ ಒಂದು ಇಡೀ ಅಧ್ಯಾಯವಿದೆ. ಬುದ್ಧನಿಗೂ ಜೀವಕನೆಂಬ ವೈದ್ಯನಿದ್ದ. ಅದೇ ಬುದ್ಧ ಒಮ್ಮೆ ಕಾಯಿಲೆ ಬಿದ್ದಾಗ ಶಿಷ್ಯ ಚುಂದ ಹತ್ತಿರ ಕೂತು ಬೊಜ್ಝಂಗಗಳನ್ನು, ಅಂದರೆ ಬೋಧಿಯ ಏಳು ಅಂಗಗಳನ್ನು, ಹೇಳಿದ್ದೂ ಸುತ್ತಗಳಲ್ಲಿದೆ. ವೈದ್ಯನೂ ಬೇಕಾಗಿದ್ದ, ಪಠಣವೂ ಬೇಕಾಗಿತ್ತು.

ಶುರು ಮಾಡಲು ತ್ರಿಶರಣ ಒಂದೇ ಸಾಕು, ಐದು ನಿಮಿಷ. ಒಂದು ದಿನ ತಪ್ಪಿದರೆ ಮರುದಿನ ಎರಡು ಸಲ ಹೇಳಿ ಸರಿ ಮಾಡಲು ಹೋಗಬೇಡಿ. ನಾನು ಹಾಗೆ ಬಾಕಿ ತೀರಿಸಲು ಹೋಗಿ, ಇದ್ದ ಚಿಂತೆಗಳ ಜೊತೆ ಅದನ್ನೂ ಒಂದು ಚಿಂತೆ ಮಾಡಿಕೊಂಡಿದ್ದೆ.