ಅಜ್ಜಿಯ ನೆನಪು ಇತಿಹಾಸದೊಂದಿಗೆ ತಾಳೆಯಾಗುವುದಿಲ್ಲ, ತಿದ್ದಬೇಕೇ?

ಬೇಡ. ರಾಜೀವ್ ಗಾಂಧಿ ಹತ್ಯೆಯ ಸುದ್ದಿ ಬಂದಾಗ ತಾನು ಸಂಜೆಯ ದೀಪ ಹಚ್ಚುತ್ತಿದ್ದೆ ಎಂದು ನಿಮ್ಮ ಅಜ್ಜಿ ಹೇಳುತ್ತಾರೆ. ಹತ್ಯೆ ನಡೆದದ್ದು ರಾತ್ರಿ ಹತ್ತು ದಾಟಿದ ಮೇಲೆ. ಹಾಗಾದರೆ ಇದು ಸುಳ್ಳು ನೆನಪೇ, ಮನೆಯವರ ನೆನಪುಗಳನ್ನು ಬರೆದಿಡುವ ಮೊದಲು ಅವರಿಗೆ ತಿಳಿಹೇಳಲೇ ಎಂದು ಕೇಳಿದ್ದೀರಿ. ನಾನು ತಿಳಿಹೇಳಿದವನು. ಏನಾಯಿತೆಂದು ಹೇಳುತ್ತೇನೆ.

ರಾಣೆಬೆನ್ನೂರಿನ ಹತ್ತಿರ, ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ ಅಪ್ಪನ ಪಂಕ್ಚರ್ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ತಗಡು, ಎರಡು ಜಾಕ್, ಒಂದು ನೀರಿನ ತೊಟ್ಟಿ, ಹಿಂದೆ ಸಾಮಾನು ಇಡುವ ಸಣ್ಣ ಕೋಣೆ. ಇಂದಿರಾ ಗಾಂಧಿ ಹತ್ಯೆಯಾದದ್ದು 1984ರ ಅಕ್ಟೋಬರ್ 31ರಂದು, ಬುಧವಾರ. ದೀಪಾವಳಿ ಮುಗಿದು ವಾರವಾಗಿತ್ತು. ಆಗ ನನಗೆ ನಾಲ್ಕು ವರ್ಷ, ಆ ದಿನದ ಸ್ವಂತ ನೆನಪು ಒಂದೂ ಇಲ್ಲ. ನನ್ನಲ್ಲಿರುವುದೆಲ್ಲ ಅಪ್ಪ ಹೇಳಿದ್ದು.

ಅಪ್ಪ ಯಾವಾಗಲೂ ಒಂದೇ ಮಾತಿನಿಂದ ಶುರು ಮಾಡುತ್ತಿದ್ದ. "ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದೆ. ಮಟಮಟ ಮಧ್ಯಾಹ್ನ. ಎದುರಿನ ಚಹಾ ಅಂಗಡಿಯ ರೇಡಿಯೊದಲ್ಲಿ ಇಂದಿರಮ್ಮ ಹೋದರು ಎಂದು ಬಂತು. ಕೈ ಸಡಿಲವಾಯಿತು. ಟ್ಯೂಬ್ ತೇಲಿಕೊಂಡು ಮೇಲೆ ಬಂತು." ಇಷ್ಟು ಹೇಳಿ ಎರಡೂ ಅಂಗೈಗಳನ್ನು ನೀರಿನಿಂದ ಈಗಷ್ಟೇ ತೆಗೆದವನಂತೆ ಒದರುತ್ತಿದ್ದ. ಪ್ರತಿ ಸಲವೂ ಹಾಗೆಯೇ.

ಆ ಟ್ಯೂಬ್ ಪಂಜಾಬಿನ ಕಡೆಯ ಒಂದು ಲಾರಿಯದು. ಮುಂದಿನ ಗಾಲಿ ಬಿಚ್ಚಿ ಲಾರಿಯನ್ನು ಜಾಕಿನ ಮೇಲೆ ನಿಲ್ಲಿಸಿದ್ದರು. ಓಡಿಸುತ್ತಿದ್ದವರು ಒಬ್ಬ ಸರ್ದಾರ್‌ಜಿ. ಗುಂಡು ಹಾರಿಸಿದವರು ಪ್ರಧಾನಿಯ ಕಾವಲಿಗಿದ್ದ ಇಬ್ಬರು ಸಿಖ್ಖರು ಎಂಬುದು ಸಂಜೆಯೊಳಗೆ ಹೆದ್ದಾರಿಯ ಎಲ್ಲ ಅಂಗಡಿಗಳಿಗೂ ಗೊತ್ತಾಗಿತ್ತು. ಮುಂದಿನ ಕೆಲವು ದಿನ ದೆಹಲಿಯಲ್ಲಿ ನಡೆದದ್ದು ನಿಮಗೆ ತಿಳಿದಿದೆ. ಸರ್ಕಾರದ ಲೆಕ್ಕದಲ್ಲೇ ಆ ಒಂದು ನಗರದಲ್ಲಿ ಕೊಲೆಯಾದ ಸಿಖ್ಖರು 2,733. ನಮ್ಮ ಕಡೆ ಅಂಥದ್ದೇನೂ ಆಗಲಿಲ್ಲ, ಆದರೆ ಆ ಲಾರಿ ಹೋಗಬೇಕಿದ್ದದ್ದು ಉತ್ತರಕ್ಕೆ. ಅಪ್ಪ ಸರ್ದಾರ್‌ಜಿಯನ್ನು ಹಿಂದಿನ ಕೋಣೆಯಲ್ಲಿ ಇರಿಸಿಕೊಂಡ. ಪಂಕ್ಚರ್ ಹಾಕಿಯಾದ ಮೇಲೂ ಗಾಲಿಯನ್ನು ಜೋಡಿಸಲಿಲ್ಲ. ಕೆಟ್ಟು ನಿಂತ ಲಾರಿಯನ್ನು ಯಾರೂ ಎರಡನೇ ಸಲ ನೋಡುವುದಿಲ್ಲ ಎನ್ನುತ್ತಿದ್ದ.

ಹೀಗೆ ಎಷ್ಟು ರಾತ್ರಿ? ಒಮ್ಮೆ ಎರಡು, ಒಮ್ಮೆ ಮೂರು. ಜೊತೆಯಲ್ಲಿ ಒಬ್ಬ ಕ್ಲೀನರ್ ಹುಡುಗನಿದ್ದ ಎಂದು ಕೆಲವು ಸಲ, ಸರ್ದಾರ್‌ಜಿ ಒಬ್ಬರೇ ಎಂದು ಕೆಲವು ಸಲ. ನಿಮ್ಮ ಅಜ್ಜಿಯ ಹಾಗೆಯೇ. ಆಮೇಲೆ ನಾನು ಹಾಸ್ಟೆಲ್ ಸೇರಿದೆ, ಕಥೆ ಕೇಳುವ ವಯಸ್ಸು ದಾಟಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. 2012ರಲ್ಲಿ ನಾನು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಹುಡುಗರಿಗೆ ಇತಿಹಾಸ ಹೇಳಿಕೊಡುತ್ತಿದ್ದೆ. ತಾರೀಖುಗಳೆಲ್ಲ ನಾಲಗೆಯ ತುದಿಯಲ್ಲಿ. ಒಂದು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅಪ್ಪ ನನ್ನ ತಂಗಿಯ ಗಂಡನಿಗೆ ಆ ದಿನದ ಕಥೆ ಹೇಳತೊಡಗಿದ. ತೊಟ್ಟಿ, ಗುಳ್ಳೆ, ಮಟಮಟ ಮಧ್ಯಾಹ್ನ, ರೇಡಿಯೊ. ಅಲ್ಲಿಗೆ ನಾನು ಬಾಯಿ ಹಾಕಿದೆ. "ಅಪ್ಪಾ, ಮಧ್ಯಾಹ್ನ ಹೇಗೆ ಬರುತ್ತದೆ? ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದೇ ಸಂಜೆ."

ಇಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಅಪ್ಪ, "ಇಲ್ಲ ತಮ್ಮಾ, ಬಿಸಿಲು ನೆತ್ತಿಯ ಮೇಲಿತ್ತು" ಎಂದ. ನಾನು ಎದ್ದು ಒಳಗೆ ಹೋಗಿ ಪುಸ್ತಕ ತಂದೆ. ಪುಟ ಹುಡುಕಿ, ಸಾಲಿನ ಕೆಳಗೆ ಬೆರಳಿಟ್ಟು, ಅಪ್ಪನ ಮುಂದೆ ಹಿಡಿದೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಆದರೂ ಅಳಿಯನ ಎದುರಿನಲ್ಲಿ ಆ ಪುಟವನ್ನು ಅಪ್ಪನ ಮುಖದ ಮುಂದೆ ಹಿಡಿದೆ. ಅಪ್ಪ ಪುಟವನ್ನು ನೋಡಿದ. ಓದುವವರ ಕಣ್ಣು ಸಾಲಿನ ಮೇಲೆ ಸರಿಯುತ್ತದೆ, ಅಪ್ಪನ ಕಣ್ಣು ಒಂದೇ ಕಡೆ ನಿಂತಿತ್ತು. "ಹೌದೇನೋ, ನಿನಗೆ ಗೊತ್ತಿರಬೇಕು" ಎಂದು ಹೇಳಿ ಎಲೆ ಅಡಿಕೆಯ ಚೀಲಕ್ಕೆ ಕೈ ಹಾಕಿದ. ತೀರಿಕೊಂಡದ್ದು 2015ರಲ್ಲಿ. ಆ ಮೂರು ವರ್ಷಗಳಲ್ಲಿ ಆ ಕಥೆಯನ್ನು ಯಾರಿಗೂ ಹೇಳಲಿಲ್ಲ.

ತಪ್ಪು ಎಲ್ಲಿತ್ತು ಎಂದು ಬಹಳ ಯೋಚಿಸಿದ್ದೇನೆ. ಸ್ವರ ಗಡುಸಾಯಿತು ಎಂದು ಮೊದಲು ಅಂದುಕೊಂಡೆ. ಅಳಿಯನ ಎದುರು ಹೇಳಬಾರದಿತ್ತು ಎಂದು ಆಮೇಲೆ. ಎರಡೂ ನಿಜ, ಆದರೆ ಅದಕ್ಕಿಂತ ದೊಡ್ಡದು, ನಾನು ತಡೆದ ಜಾಗ. ರೇಡಿಯೊ ಆ ಕಥೆಯ ಬಾಗಿಲು. ಅಪ್ಪನಿಗೆ ಸರ್ದಾರ್‌ಜಿಯವರೆಗೆ ಹೋಗಲು ಬೇರೆ ದಾರಿ ಇರಲಿಲ್ಲ. ಬರೆಯಬಲ್ಲವರು ನಡುವಿನಿಂದ ಶುರು ಮಾಡಬಲ್ಲರು, ಬಾಯಿಂದ ಹೇಳುವವರಿಗೆ ಮೊದಲ ಮಾತು ಸಿಕ್ಕಿದರಷ್ಟೇ ಎರಡನೆಯದು ಸಿಗುತ್ತದೆ. ನಾನು ಮೊದಲ ಮಾತನ್ನೇ ಕಿತ್ತುಕೊಂಡೆ. ಕೇಳಿದ್ದು ಒಂದು ಗಂಟೆಯ ಲೆಕ್ಕ, ಹೋದದ್ದು ಇಡೀ ಕಥೆ.

ನನ್ನ ಲೆಕ್ಕವೂ ಅರ್ಧಂಬರ್ಧವಾಗಿತ್ತು. ಆಕಾಶವಾಣಿ ಸಾವನ್ನು ಪ್ರಕಟಿಸಿದ್ದು ಸಂಜೆ ಎಂಬುದೇನೋ ಸರಿ. ಆದರೆ ಗುಂಡೇಟು ಬಿದ್ದದ್ದು ಬೆಳಗ್ಗೆ ಒಂಬತ್ತು ದಾಟಿದ ಹೊತ್ತಿಗೆ, ಬಿಬಿಸಿ ಆಕಾಶವಾಣಿಗಿಂತ ಎಷ್ಟೋ ಮೊದಲೇ ಸಾವಿನ ಸುದ್ದಿ ಕೊಟ್ಟಿತ್ತು. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ಸ್ವಂತ ಮಗ ರಾಜೀವ್ ಗಾಂಧಿಯೇ ರೇಡಿಯೊದಲ್ಲಿ ಬಿಬಿಸಿ ಹಾಕಿಕೊಂಡು ಕೇಳುತ್ತಿದ್ದರು. ಹೆದ್ದಾರಿಯ ಚಹಾ ಅಂಗಡಿಗೆ ನೂರು ಊರಿನ ಜನ ಬರುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಆ ಮಾತು ಅಲ್ಲಿಗೆ ಬಂದಿರಲು ಏನು ಅಡ್ಡಿ? ಇದೆಲ್ಲ ನನಗೆ ಹೊಳೆದದ್ದು ಅಪ್ಪ ಹೋದ ಮೇಲೆ.

ಇನ್ನು ನಿಮ್ಮ ಅಜ್ಜಿ. ಯಾವ ನೆನಪು ನಿಜ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಜನ ಸತ್ತರು. ಮರುದಿನ ಬೆಳಗ್ಗೆಯೇ ಮನೋವಿಜ್ಞಾನಿ ಉಲ್ರಿಕ್ ನೈಸರ್ ತಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಬರೆಸಿದರು. ಸುಮಾರು ಎರಡೂವರೆ ವರ್ಷದ ನಂತರ ಅವರಲ್ಲಿ 44 ಮಂದಿಯನ್ನು ಅದನ್ನೇ ಕೇಳಿದಾಗ ಕಾಲುಭಾಗ ಜನರ ಉತ್ತರದಲ್ಲಿ ಒಂದು ವಿವರವೂ ಹಳೆಯದಕ್ಕೆ ಹೊಂದಲಿಲ್ಲ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ಇವರೆಲ್ಲ ಇಪ್ಪತ್ತರ ಆಸುಪಾಸಿನ ಕಾಲೇಜು ಮಕ್ಕಳು. ನೀವು ಅಜ್ಜಿಯನ್ನು ಮೂವತ್ತು ವರ್ಷ ದಾಟಿದ ಮೇಲೆ ಗಂಟೆ ಕೇಳುತ್ತಿದ್ದೀರಿ.

ಅದೇ ನೈಸರ್ ಅವರಿಗೂ ಇಂಥ ಒಂದು ನೆನಪಿತ್ತು. 1941ರ ಡಿಸೆಂಬರ್ 7ರಂದು, ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಸುದ್ದಿ ಬಂದಾಗ ತಾನು ರೇಡಿಯೊದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದೆ ಎಂದು. ಡಿಸೆಂಬರ್‌ನಲ್ಲಿ ಅಲ್ಲಿ ಬೇಸ್‌ಬಾಲ್ ಆಡುವುದೇ ಇಲ್ಲ ಎಂದು ಎಷ್ಟೋ ವರ್ಷದ ಮೇಲೆ ಅವರಿಗೆ ಹೊಳೆಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ದಿನ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದರ ಪ್ರಸಾರ ಇತ್ತೆಂದೂ ಆಡಿದ ಎರಡು ತಂಡಗಳಿಗೂ ಬೇಸ್‌ಬಾಲ್ ತಂಡಗಳ ಹೆಸರೇ ಇತ್ತೆಂದೂ ಬೇರೆ ಸಂಶೋಧಕರು ತೋರಿಸಿದರು. ತಪ್ಪಿನ ಅಡಿಯಲ್ಲಿ ಗಟ್ಟಿ ನೆಲ ಇತ್ತು.

ಅಜ್ಜಿಯ ದೀಪವನ್ನೂ ಹಾಗೆಯೇ ನೋಡಿ. ರಾಜೀವ್ ಗಾಂಧಿ ಶ್ರೀಪೆರಂಬುದೂರಿನಲ್ಲಿ ಸತ್ತದ್ದು 1991ರ ಮೇ 21ರ ರಾತ್ರಿ, ಲೋಕಸಭಾ ಚುನಾವಣೆಯ ನಡುವೆ. ಹಳ್ಳಿಯ ಮನೆಗಳಲ್ಲಿ ಎಷ್ಟೋ ಜನರಿಗೆ ತಿಳಿದದ್ದು ಮರುದಿನ ಬೆಳಗ್ಗೆಯೇ. ದೀಪ ಹಚ್ಚುವ ಹೊತ್ತಿಗೆ ಆಕಾಶವಾಣಿಯಲ್ಲಿ ಬಂದದ್ದು ಅದಕ್ಕೆ ಆರೂವರೆ ವರ್ಷ ಹಿಂದಿನ, ಅವರ ತಾಯಿಯ ಸಾವಿನ ಸುದ್ದಿ. ಅಜ್ಜಿಯ ಮನಸ್ಸಿನಲ್ಲಿ ತಾಯಿಯ ಸಂಜೆ ಮಗನ ಸಾವಿಗೆ ಅಂಟಿಕೊಂಡಿರಬಹುದಲ್ಲವೇ? ಹಾಗಿದ್ದರೆ ನಿಮ್ಮ ಕೈಗೆ ಸಿಕ್ಕಿರುವುದು ಒಂದಲ್ಲ, ಎರಡು ದಿನ. ತಿದ್ದಿದರೆ ಎರಡನ್ನೂ ಕಳೆದುಕೊಳ್ಳುತ್ತೀರಿ.

ಆದ್ದರಿಂದ ಅವರು ಹೇಳುವಾಗ ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಅವರಿಗೆ ತಿಳಿಸಿಯೇ ಹಿಡಿಯಿರಿ. ಎಷ್ಟು ಗಂಟೆ, ಯಾವ ಇಸವಿ ಎಂದು ಕೇಳಬೇಡಿ. ದೀಪ ಯಾವುದು, ಮನೆಯಲ್ಲಿ ಯಾರಿದ್ದರು, ಆ ರಾತ್ರಿ ಒಲೆ ಹಚ್ಚಿದಿರಾ ಎಂದು ಕೇಳಿ. ಕಥೆ ಬದಲಾದರೆ ಬದಲಾದದ್ದನ್ನೂ ಬರೆದಿಡಿ, ಪಕ್ಕದಲ್ಲಿ ಕೇಳಿದ ದಿನಾಂಕ ಹಾಕಿ. ಹಳೆಯ ಪತ್ರಿಕೆ ನೋಡುವ ಆಸೆಯಿದ್ದರೆ ಖಂಡಿತ ನೋಡಿ, ಬೇರೆ ಪುಟದಲ್ಲಿ ಗುರುತು ಮಾಡಿಕೊಳ್ಳಿ, ಆ ಪುಟ ಅಜ್ಜಿಯ ಮುಂದೆ ಹೋಗುವುದು ಬೇಡ. ಯಾರ ಮೇಲಾದರೂ ಆರೋಪ ಬರುವಂಥ ಮಾತಾದರೆ ಪರೀಕ್ಷಿಸಲೇಬೇಕು, ಅದು ಬೇರೆ ವಿಷಯ. ದೀಪ ಯಾರ ಮೇಲೂ ಆರೋಪ ಹೊರಿಸುವುದಿಲ್ಲ.

ಅಪ್ಪನ ತಿಥಿಯ ದಿನ ಅಂಗಡಿಯ ಸಾಮಾನಿನ ಡಬ್ಬಿ ತೆಗೆದೆವು. ಪ್ಯಾಚ್‌ಗೆ ರಬ್ಬರ್ ಕತ್ತರಿಸುವ ದೊಡ್ಡ ಕತ್ತರಿ ಅದರಲ್ಲಿತ್ತು. ಹಿಡಿಗೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿತ್ತು, ಹೆಬ್ಬೆರಳು ಕೂರುವಲ್ಲಿ ಅದು ಸವೆದು ಕಬ್ಬಿಣ ಕಾಣುತ್ತಿತ್ತು. ಅವ್ವ ಅದನ್ನು ಕೈಗೆ ತೆಗೆದುಕೊಂಡು, "ಸರ್ದಾರ್‌ಜಿ ಕೇಳಿದ್ದು ಇದೇ ಕತ್ತರಿ" ಎಂದಳು. ಯಾತಕ್ಕೆ ಕೇಳಿದರು ಎಂದೆ. "ಕೂದಲು ತೆಗೆದುಬಿಡುತ್ತೇನೆ, ದಾರಿಯಲ್ಲಿ ಗುರುತು ಸಿಗುವುದಿಲ್ಲ ಎಂದರಂತೆ. ನಿನಗೆ ಹೇಳಿರಲಿಲ್ಲವೇ? ನೀವೆಲ್ಲ ಸಣ್ಣವರಿದ್ದಾಗ ಅಷ್ಟನ್ನು ಬಿಟ್ಟು ಹೇಳುತ್ತಿದ್ದರು. ದೊಡ್ಡವರ ಮುಂದೆ ಕೊನೆಯಲ್ಲಿ ಹೇಳುತ್ತಿದ್ದರು."

ಅಪ್ಪ ಕೊಟ್ಟನೇ ಎಂದು ಕೇಳಿದೆ. ಆ ಹೊತ್ತಿಗೆ ತಾನು ಯಾವಾಗಲೂ ಒಳಗೆ ಪಾತ್ರೆ ತೊಳೆಯುತ್ತಿದ್ದೆ, ಅಲ್ಲಿಂದ ಮುಂದಿನದು ಒಂದು ಸಲವೂ ಸರಿಯಾಗಿ ಕೇಳಿಸಿರಲಿಲ್ಲ ಎಂದಳು.